ಅಲ್ಟಿಮಾ ಚೆಸ್: ಯಾವ ಕಾಯಿ ಹೇಗೆ ಹೊಡೆಯುತ್ತದೆ ಎಂಬ ತಕರಾರು ಮುಗಿಯುವುದಿಲ್ಲ, ಗೊತ್ತಿದ್ದವರು ಹೇಳಿ

ಅಜ್ಜರಕಾಡು64

ಆಟಿಯ ಮಳೆ, ಮಕ್ಕಳೆಲ್ಲ ಒಳಗೇ. ಉಡುಪಿಯಲ್ಲಿ ಭಾನುವಾರ ಸೇರುವ ನಮ್ಮ ಚೆಸ್ ಗುಂಪಿನ ಮಕ್ಕಳಿಗೆ ಈ ಸಲ ಅಲ್ಟಿಮಾ ಕಲಿಸುವ ಅಂತ ಹೊರಟಿದ್ದೇವೆ. ಬರೋಕ್ ಚೆಸ್ ಅಂತಲೂ ಇದಕ್ಕೆ ಹೆಸರುಂಟು. ಮಾಮೂಲಿ ಚೆಸ್ ಎಲ್ಲರಿಗೂ ಬರುತ್ತದೆ. ಕಾಯಿಗಳ ನಡಿಗೆ ಕೂಡ ಹತ್ತು ನಿಮಿಷದಲ್ಲಿ ತಲೆಗೆ ಹೋಯಿತು. ಹೊಡೆತದಲ್ಲಿ ಮಾತ್ರ ಪ್ರತಿ ಆಟಕ್ಕೂ ಜಗಳ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುವುದಾದರೆ: ಮಣೆ ಅದೇ, ಕಾಯಿ ಅವೇ, ಇಡುವ ಜಾಗವೂ ಅದೇ. ಪ್ರತಿ ಬದಿಯ ಒಂದು ಆನೆಯನ್ನು ಮಾತ್ರ ಕವುಚಿ ಇಡಬೇಕು. ಕಾಲಾಳುಗಳು ಚೆಸ್ಸಿನ ಆನೆಯ ಹಾಗೆ ನೇರಕ್ಕೂ ಅಡ್ಡಕ್ಕೂ ಎಷ್ಟು ಮನೆ ಬೇಕಾದರೂ ಹೋಗುತ್ತವೆ. ರಾಜನಿಗೆ ಒಂದೇ ಮನೆ. ಉಳಿದ ಎಲ್ಲ ಕಾಯಿಗಳಿಗೂ ರಾಣಿಯ ನಡಿಗೆ. ವೈರಿ ಕಾಯಿ ಇರುವ ಮನೆಗೆ ಕಾಲಿಟ್ಟು ಹೊಡೆಯುವುದು ರಾಜ ಒಬ್ಬನೇ.

ನಮ್ಮಲ್ಲಿ ಬಗೆಹರಿಯದ ತಕರಾರುಗಳು ಇವು.

1. ಬಿಳಿ ಕಾಯಿಗಳು ಸಿ4 ಮತ್ತು ಇ4ರಲ್ಲಿ ಇವೆ. ಕಪ್ಪು ಕಾಲಾಳು ತಾನಾಗಿ ಡಿ4ಕ್ಕೆ ಬಂದು ನಡುವೆ ನಿಂತಿತು. ಅದು ಸತ್ತಿತೇ?

2. ಬಿಳಿ ರಾಣಿ ಡಿ4, ಕಪ್ಪು ಕಾಯಿ ಇ5. ರಾಣಿ ಡಿ2ಕ್ಕೆ ಹೋಯಿತು. ದೂರ ಹೋಯಿತಲ್ಲ, ಇ5 ಹೊಡೆದಂತೆ ಅಂತ ಒಬ್ಬ ಹುಡುಗನ ವಾದ.

3. ನೆಟ್ಟಗಿನ ಆನೆ ಮೊದಲೇ ಬಂದು ನಿಂತಿದೆ. ಆಮೇಲೆ ರಾಜ ಒಂದು ಮನೆ ಸರಿದಾಗ ಗೆರೆಗಳು ಕೂಡಿ ಮೂಲೆಯಲ್ಲಿ ವೈರಿ ಕಾಯಿ ಸಿಕ್ಕಿತು. ಹೊಡೆಯಬಹುದೇ?

4. ಒಂಟೆ ಬಂದು ವೈರಿಯ ಕವುಚಿದ ಆನೆಯ ಪಕ್ಕ ನಿಂತಿತು. ಈಗ ಯಾರು ಯಾರನ್ನು ಹಿಡಿದದ್ದು?

5. ಒಂಟೆ ಮೂಲೆಗೆರೆಯಲ್ಲಿ ಬಂದು ಕಾಲಾಳನ್ನು ಇಕ್ಕಟ್ಟಿಗೆ ಹಾಕಿದರೆ ಹೊಡೆತ ಲೆಕ್ಕಕ್ಕೆ ಉಂಟಾ?

ಮಕ್ಕಳಿಗೆ ಯಾವ ಕಾಯಿಯನ್ನು ಮೊದಲು, ಯಾವುದನ್ನು ಕಡೆಗೆ ಹೇಳಿಕೊಡಬೇಕು ಎನ್ನುವುದನ್ನೂ ಗೊತ್ತಿದ್ದವರು ತಿಳಿಸಿ.

ಕದ್ರಿ_ಕುದುರೆ

ಐದು ತಕರಾರುಗಳಲ್ಲಿ ಮೂರು ಒಂದೇ ಮಾತಿಗೆ ಬಗೆಹರಿಯುತ್ತವೆ: ಈ ಆಟದಲ್ಲಿ ಹೊಡೆಯುವುದು ಆ ಸರದಿಯಲ್ಲಿ ನಡೆದ ಕಾಯಿ ಮಾತ್ರ, ಅದೂ ತನ್ನದೇ ರೀತಿಯಲ್ಲಿ. ನಿಂತ ಕಾಯಿ ಯಾವುದನ್ನೂ ಹೊಡೆಯುವುದಿಲ್ಲ, ಸಾಕ್ಷಿಗೆ ನಿಲ್ಲಬಹುದು ಅಷ್ಟೆ. ಇದನ್ನು ಮಕ್ಕಳ ಬಾಯಲ್ಲಿ ನಾಲ್ಕು ಸಲ ಹೇಳಿಸಿದರೆ ಅರ್ಧ ಜಗಳ ನಿಲ್ಲುತ್ತದೆ.

ಮೊದಲನೆಯದು: ಕಾಲಾಳು ಹೊಡೆಯುವುದು ವೈರಿಯನ್ನು ತನಗೂ ತನ್ನ ಬದಿಯ ಇನ್ನೊಂದು ಕಾಯಿಗೂ ನಡುವೆ ಇಕ್ಕಿ. ಡಿ4ರ ಕಪ್ಪು ಕಾಲಾಳು ಸಾಯುವುದಿಲ್ಲ. ಅದು ತಾನಾಗಿ ನಡುವೆ ಬಂದದ್ದು, ಬಿಳಿಯ ಯಾವ ಕಾಲಾಳೂ ನಡೆಯಲಿಲ್ಲ. ಮುಂದಿನ ಸರದಿಯಲ್ಲಿ ಬಿಳಿ ಸಿ4ರ ಕಾಲಾಳನ್ನು ಆಚೆ ಒಯ್ದು, ಅದರ ಮುಂದಿನ ಸರದಿಯಲ್ಲಿ ವಾಪಸು ತಂದರೆ ಆಗ ಹೊಡೆತ. ಅಷ್ಟು ಹೊತ್ತಿಗೆ ಕಪ್ಪು ಸುಮ್ಮನೆ ಕೂತಿರುವುದಿಲ್ಲ, ಆ ಮಾತು ಬೇರೆ. ಸರಿಯಾದ ಹೊಡೆತ ಹೀಗೆ: ಕಪ್ಪು ಕಾಯಿ ಡಿ4ರಲ್ಲಿ, ಬಿಳಿ ಕುದುರೆ ಇ4ರಲ್ಲಿ. ಬಿಳಿ ಕಾಲಾಳು ಸಿ2ರಿಂದ ಸಿ4ಕ್ಕೆ ಬಂದರೆ ಡಿ4 ಹೊರಗೆ. ಆಚೆ ಬದಿಯ ಜೊತೆಗಾರ ಕಾಲಾಳೇ ಆಗಬೇಕೆಂದಿಲ್ಲ, ತನ್ನ ಯಾವ ಕಾಯಿಯಾದರೂ ಸಾಕು. ರಾಜನೂ ಆದೀತು. ಮೂಲೆಗೆರೆಯ ಇಕ್ಕಟ್ಟು ಮಾತ್ರ ಲೆಕ್ಕಕ್ಕಿಲ್ಲ. ಬಂದ ಕಾಲಾಳು ಮೂರು ಕಡೆಗೂ ಒಟ್ಟಿಗೆ ಹೊಡೆಯಬಹುದು: ಸಿ4ಕ್ಕೆ ಬಂದಾಗ ಡಿ4, ಸಿ5, ಬಿ4 ಮೂರರಲ್ಲೂ ವೈರಿ ಇದ್ದು, ಇ4, ಸಿ6, ಎ4ರಲ್ಲಿ ತನ್ನವರಿದ್ದರೆ ಮೂರೂ ಹೋಯಿತು. ಮಕ್ಕಳು ಒಂದನ್ನು ತೆಗೆದು ಉಳಿದೆರಡನ್ನು ಮರೆಯುವುದು ಹೆಚ್ಚಾಗಿ ಇಲ್ಲೇ.

ಎರಡನೆಯದು: ರಾಣಿ ಅಂದರೆ ಇಲ್ಲಿ ವಿತ್‌ಡ್ರಾಯರ್. ಪಕ್ಕದ ಮನೆಯ ವೈರಿಗೆ ಬೆನ್ನು ಹಾಕಿ ಅದೇ ಗೆರೆಯಲ್ಲಿ ಹಿಂದಕ್ಕೆ ಸರಿದಾಗ ಮಾತ್ರ ಹೊಡೆತ. ಡಿ4ರಲ್ಲಿ ನಿಂತು ಇ5 ಹೊಡೆಯಬೇಕಾದರೆ ಸಿ3, ಬಿ2, ಎ1 ಈ ಮೂರರಲ್ಲಿ ಒಂದಕ್ಕೆ ಹೋಗಬೇಕು. ಡಿ2 ಬೇರೆ ಗೆರೆ, ಆದ್ದರಿಂದ ಹುಡುಗನ ವಾದ ನಿಲ್ಲುವುದಿಲ್ಲ. ಇದರಿಂದಲೇ ಎರಡು ಉಪಯೋಗದ ಮಾತು ಹುಟ್ಟುತ್ತವೆ. ಅಂಚಿನಲ್ಲಿ ನಿಂತ ರಾಣಿಗೆ ಒಳಗಡೆಯ ಕಾಯಿಯನ್ನು ಹೊಡೆಯಲು ಹಿಂದೆ ಜಾಗವೇ ಇಲ್ಲ: ಎ4ರ ರಾಣಿ ಬಿ4ರ ಕಾಯಿಯನ್ನು ಏನೂ ಮಾಡಲಾರದು. ಇನ್ನೊಂದು, ಸಿ3ರಲ್ಲಿ ತನ್ನದೇ ಕಾಲಾಳು ಇದ್ದರೆ ಡಿ4ರ ರಾಣಿಗೆ ಇ5 ಸಿಕ್ಕುವುದಿಲ್ಲ. ವೈರಿ ರಾಣಿ ಪಕ್ಕಕ್ಕೆ ಬಂದಾಗ ಓಡಿಹೋಗುವ ಬದಲು ಅದರ ಬೆನ್ನ ಹಿಂದಿನ ಮನೆಗೆ ಒಂದು ಕಾಯಿ ಇಟ್ಟರೂ ಆಯಿತು.

ಮೂರನೆಯದು: ಇಲ್ಲ. ನೆಟ್ಟಗಿನ ಆನೆ, ಅಂದರೆ ಕೋಆರ್ಡಿನೇಟರ್, ತಾನೇ ನಡೆದಾಗ ಮಾತ್ರ ಹೊಡೆಯುತ್ತದೆ. ಅದು ಹೋಗಿ ನಿಂತ ಮನೆಯಿಂದ ಒಂದು ನೇರ ಸಾಲು, ಒಂದು ಅಡ್ಡ ಸಾಲು ಎಳೆಯಿರಿ. ತನ್ನ ರಾಜನಿಂದಲೂ ಹಾಗೆಯೇ ಎಳೆಯಿರಿ. ನಾಲ್ಕು ಗೆರೆ ಕೂಡುವ ಎರಡು ಮನೆಗಳಲ್ಲಿ ವೈರಿ ಇದ್ದರೆ ಹೊರಗೆ. ರಾಜ ಜಿ2ರಲ್ಲಿ, ಆನೆ ಸಿ6ಕ್ಕೆ ಹೋಯಿತು ಅಂತ ಇಟ್ಟುಕೊಳ್ಳಿ: ನೋಡಬೇಕಾದ ಮನೆಗಳು ಜಿ6 ಮತ್ತು ಸಿ2. ನಡುವೆ ಯಾರಿದ್ದರೂ ತಡೆಯಲ್ಲ, ದೂರ ಎಷ್ಟಿದ್ದರೂ ಚಿಂತೆಯಿಲ್ಲ. ಆನೆ ರಾಜನ ಸಾಲಿನಲ್ಲೇ ನಿಂತರೆ ಮೂಲೆಗಳು ರಾಜನ ಮನೆ ಮತ್ತು ಆನೆಯ ಮನೆಯೇ ಆಗಿಬಿಡುತ್ತವೆ, ಹೊಡೆತ ಏನೂ ಇಲ್ಲ. ಮಕ್ಕಳಿಗೆ ಎರಡು ಅಡಿಕೋಲು ಕೊಡಿ. ಮಣೆಯ ಮೇಲೆ ಇಟ್ಟು ನೋಡಿದರೆ ಎರಡೇ ಆಟದಲ್ಲಿ ಕಣ್ಣು ಪಳಗುತ್ತದೆ.

ನಾಲ್ಕನೆಯದು: ಇಬ್ಬರೂ ಇಬ್ಬರನ್ನೂ ಹಿಡಿದರು. ಕವುಚಿದ ಆನೆ, ಇಮ್ಮೊಬಿಲೈಸರ್, ಸುತ್ತಲಿನ ಎಂಟು ಮನೆಯ ವೈರಿಗಳನ್ನು ಅಲುಗದಂತೆ ಹಿಡಿಯುತ್ತದೆ, ಯಾರನ್ನೂ ಹೊಡೆಯುವುದಿಲ್ಲ. ಒಂಟೆ ಎದುರಿನ ಕಾಯಿಯ ಗುಣವನ್ನೇ ತಿರುಗಿಸಿ ಹೊಡೆಯುವುದು, ಹಾಗಾಗಿ ಅದು ಕವುಚಿದ ಆನೆಯನ್ನು ಹೊಡೆಯಲಾರದು, ಹಿಡಿಯುತ್ತದೆ ಅಷ್ಟೆ. ಎರಡೂ ಸ್ತಬ್ಧ. ಹಿಡಿತದಲ್ಲಿರುವ ಕವುಚಿದ ಆನೆ ತನ್ನ ಸುತ್ತಲಿನ ಉಳಿದ ವೈರಿಗಳ ಮೇಲಿನ ಹಿಡಿತ ಬಿಡುವುದಿಲ್ಲ ಎಂಬುದನ್ನೂ ಮರೆಯಬಾರದು.

ಐದನೆಯದು: ಇಲ್ಲ. ಕಾಲಾಳನ್ನು ಹೊಡೆಯುವಾಗ ಒಂಟೆ ಕಾಲಾಳಿನಂತೆಯೇ ನಡೆಯಬೇಕು, ನೇರ ಅಥವಾ ಅಡ್ಡ. ಕುದುರೆಯನ್ನು ಹಾರಿ ಹೊಡೆಯುತ್ತದೆ, ರಾಣಿಯನ್ನು ಹಿಂದೆ ಸರಿದು, ನೆಟ್ಟಗಿನ ಆನೆಯನ್ನು ರಾಜನೊಂದಿಗೆ ಗೆರೆ ಕೂಡಿಸಿ, ರಾಜನನ್ನು ಪಕ್ಕದ ಮನೆಯಿಂದ ಕಾಲಿಟ್ಟು. ಆದ್ದರಿಂದ ವೈರಿ ಒಂಟೆ ಪಕ್ಕದಲ್ಲಿ ಬಂದು ನಿಂತರೆ ಅದು ರಾಜನಿಗೆ ಚೆಕ್. ಒಂಟೆಯನ್ನು ಒಂಟೆ ಹೊಡೆಯಲು ಬರುವುದಿಲ್ಲ.

ಒಂಟೆಯ ನಿಜವಾದ ಗಮ್ಮತ್ತು ಒಂದೇ ನಡೆಯಲ್ಲಿ ಬೇರೆ ಬೇರೆ ರೀತಿಯ ಹೊಡೆತ ಕೂಡಿಬರುವುದರಲ್ಲಿ ಉಂಟು. ಮಣೆಯ ಮೇಲೆ ಇಟ್ಟು ನೋಡಿ: ಬಿಳಿ ಒಂಟೆ ಡಿ4. ಕಪ್ಪು ರಾಣಿ ಡಿ3, ಕಪ್ಪು ಕುದುರೆ ಡಿ6, ಕಪ್ಪು ಕಾಲಾಳು ಸಿ7. ಬಿಳಿಯ ಯಾವುದಾದರೂ ಕಾಯಿ ಬಿ7ರಲ್ಲಿ. ಡಿ5, ಡಿ7 ಖಾಲಿ. ಒಂಟೆ ಡಿ7ಕ್ಕೆ ಹೋದರೆ ಕುದುರೆಯನ್ನು ಹಾರಿತು, ರಾಣಿಯಿಂದ ನೇರ ಹಿಂದೆ ಸರಿಯಿತು, ಕಾಲಾಳನ್ನು ಇಕ್ಕಟ್ಟಿಗೆ ಹಾಕಿತು. ಮೂರೂ ಹೋಯಿತು. ಇದನ್ನು ಮಕ್ಕಳೇ ಹುಡುಕಲಿ, ಹೇಳಿಕೊಡಬೇಡಿ.

ಅಜ್ಜರಕಾಡು64

ತುಂಬ ಉಪಕಾರ, ತಕರಾರು ಮುಗಿಯಿತು. ಈಗ ಇನ್ನೊಂದು ಮಂಡೆಬಿಸಿ. ದೊಡ್ಡ ಮಕ್ಕಳು ಕವುಚಿದ ಆನೆಯನ್ನು ಸೀದಾ ನಡುಮಣೆಗೆ ತಂದು ಕೂರಿಸುತ್ತಾರೆ. ಎದುರಿನವನ ನಾಲ್ಕೈದು ಕಾಯಿ ಹಿಡಿತಕ್ಕೆ ಬೀಳುತ್ತವೆ, ಆಟ ಅಲ್ಲಿಗೇ ನಿಂತುಬಿಡುತ್ತದೆ. ಸೋಲು ಕಂಡವ ಎದ್ದು ಹೋಗುತ್ತಾನೆ. ಇದನ್ನು ಒಡೆಯುವುದು ಹೇಗೆ?

ಸುರತ್ಕಲ್_ಪಟ

ಮೊದಲು ಯಾರು ಅದನ್ನು ಹೊಡೆಯಬಲ್ಲರು ಎಂಬ ಲೆಕ್ಕ ಹಾಕಬೇಕು. ಈ ಲೆಕ್ಕ ಗೊತ್ತಿಲ್ಲದೆ ಆಡುವವರು ಕೈಲಾಗದ ಕಾಯಿಗಳನ್ನು ಅದರ ಮೇಲೆ ಬಿಟ್ಟು ಎಲ್ಲವನ್ನೂ ಹಿಡಿತಕ್ಕೆ ಕೊಡುತ್ತಾರೆ.

ರಾಣಿ ಅದನ್ನು ಎಂದಿಗೂ ಹೊಡೆಯಲಾರದು. ಹೊಡೆಯಲು ಪಕ್ಕದಲ್ಲಿ ನಿಂತು ಹಿಂದೆ ಸರಿಯಬೇಕು, ಪಕ್ಕದಲ್ಲಿ ನಿಂತರೆ ಸರಿಯಲು ಬಿಡುವುದಿಲ್ಲ. ರಾಜನಿಗೂ ಅದೇ ಗತಿ, ಅವನೂ ಪಕ್ಕದಿಂದಲೇ ಹೊಡೆಯಬೇಕಾದವನು. ಒಂಟೆ ಹಿಡಿಯುತ್ತದೆ, ಹೊಡೆಯುವುದಿಲ್ಲ. ಉಳಿದದ್ದು ಮೂರೇ: ಕಾಲಾಳು, ಕುದುರೆ, ನೆಟ್ಟಗಿನ ಆನೆ. ಮೂರೂ ದೂರದಿಂದ ಬಂದು ಆ ನಡೆಯಲ್ಲೇ ಕೆಲಸ ಮುಗಿಸುವಂಥವು. ಹಿಡಿತ ತಟ್ಟುವುದು ನಡೆ ಶುರುವಾಗುವಾಗ ಪಕ್ಕದಲ್ಲಿದ್ದ ಕಾಯಿಗೆ, ಅದೇ ನಡೆಯಲ್ಲಿ ಬಂದು ತಲುಪಿದ ಕಾಯಿಗಲ್ಲ.

ಹಾಗಾಗಿ ಈ ಮೂರನ್ನು ಅದರಿಂದ ಕನಿಷ್ಠ ಎರಡು ಮನೆ ದೂರ ಇಟ್ಟುಕೊಳ್ಳುವುದೇ ಅರ್ಧ ಔಷಧ.

ಈಗ ಕಾಲಾಳಿನ ಹೊಡೆತ ನೋಡುವ. ಕಪ್ಪಿನ ಕವುಚಿದ ಆನೆ ಡಿ5ರಲ್ಲಿ. ಬಿಳಿಯ ಕಾಲಾಳು ಡಿ4ರಲ್ಲೂ ರಾಣಿ ಇ4ರಲ್ಲೂ ಹಿಡಿತದಲ್ಲಿವೆ. ಬಿಳಿಗೆ ಇನ್ನೊಂದು ಕಾಲಾಳು ಎಚ್6ರಲ್ಲಿ ಉಂಟು, ಜಿ6ರಿಂದ ಡಿ6ರವರೆಗೆ ದಾರಿ ಖಾಲಿ. ಕಾಲಾಳು ಎಚ್6ರಿಂದ ಡಿ6ಕ್ಕೆ. ಡಿ6 ಮತ್ತು ಡಿ4ರ ನಡುವೆ ಡಿ5 ಸಿಕ್ಕಿತು, ಹೊರಗೆ. ಹಿಡಿತದಲ್ಲಿರುವ ಡಿ4ರ ಕಾಲಾಳು ಅಲುಗಬೇಕಾಗಿಲ್ಲ, ನಿಂತಲ್ಲೇ ಇಕ್ಕುಳದ ಇನ್ನೊಂದು ತುದಿ ಆಗುತ್ತದೆ. ಹಿಡಿತದಲ್ಲಿರುವ ಕಾಯಿ ಸತ್ತ ಕಾಯಿ ಅಂತ ಕೈಬಿಡುವುದು ಈ ಆಟದಲ್ಲಿ ದೊಡ್ಡ ತಪ್ಪು. ಆದ್ದರಿಂದ ಒಂದೆರಡು ಕಾಲಾಳುಗಳನ್ನು ಮಣೆಯ ಅಂಚಿನಲ್ಲಿ, 5ನೇ 6ನೇ ಅಡ್ಡ ಸಾಲಿನಲ್ಲಿ ಮೊದಲೇ ತಂದಿಟ್ಟುಕೊಂಡವನಿಗೆ ನಡುಮಣೆಯ ಹಿಡಿತದ ಭಯ ಕಡಿಮೆ.

ಕುದುರೆ ಹಾರಿ ಹೊಡೆಯುವುದು: ಒಂದೇ ಗೆರೆಯಲ್ಲಿ, ವೈರಿಯ ಆಚೆ ಬದಿಯ ಮನೆ ಖಾಲಿ ಇರಬೇಕು. ಬಿ2ರ ಕುದುರೆ ಡಿ4, ಎಫ್6ರ ಎರಡು ವೈರಿಗಳನ್ನು ಹಾರಿ ಜಿ7ರಲ್ಲಿ ನಿಲ್ಲಬಹುದು, ನಡುವೆ ಇ5 ಖಾಲಿ ಇದ್ದರೆ. ಡಿ4, ಇ5 ಒತ್ತಾಗಿ ಕೂತಿದ್ದರೆ ಹಾರಲಾಗದು. ತನ್ನ ಕಾಯಿಯನ್ನೂ ಹಾರಲಾಗದು, ನಡುವೆ ದಿಕ್ಕು ಬದಲಿಸಲಾಗದು.

ನೆಟ್ಟಗಿನ ಆನೆಯ ಹೊಡೆತಕ್ಕೆ ಅಡ್ಡ ಇಡಲು ಬರುವುದಿಲ್ಲ. ಬಿಳಿ ರಾಜ ಡಿ ಸಾಲಿನಲ್ಲಿ ಇದ್ದಾನೆ ಅಂತ ಇಟ್ಟುಕೊಳ್ಳಿ. ಡಿ5ರ ಕವುಚಿದ ಆನೆಯನ್ನು ತೆಗೆಯಲು ಬಿಳಿಯ ನೆಟ್ಟಗಿನ ಆನೆ 5ನೇ ಅಡ್ಡ ಸಾಲಿನ ಯಾವ ಮನೆಗೆ ಬಂದರೂ ಸಾಕು, ಎಚ್5 ಆದರೂ ಸರಿ. ಅಂದರೆ ನಿಮ್ಮ ರಾಜನನ್ನು ಒಂದು ಮನೆ ಸರಿಸಿ ಅದರ ಸಾಲಿಗೆ ತಂದದ್ದೇ ಬೆದರಿಕೆ. ನಿಂತುಹೋದ ಆಟವನ್ನು ಒಡೆಯಲು ಇದರಷ್ಟು ಒಳ್ಳೆಯ ಉಪಾಯ ಬೇರೆ ಇಲ್ಲ. ಮಕ್ಕಳು ಚೆಸ್ಸಿನ ಅಭ್ಯಾಸದಿಂದ ರಾಜನನ್ನು ಮೂಲೆಗೆ ಹಾಕಿ ಮರೆಯುತ್ತಾರೆ. ಅಲ್ಟಿಮಾದಲ್ಲಿ ರಾಜ ಆನೆಯ ಅರ್ಧ ಕೈ. ಮರೆತವನ ಆನೆ ಅರ್ಧ ಕೈಯಲ್ಲೇ ಆಡುತ್ತದೆ.

ಇನ್ನು ಒಂಟೆ. ಅದನ್ನು ಕವುಚಿದ ಆನೆಯ ಪಕ್ಕಕ್ಕೆ ತಂದು ನಿಲ್ಲಿಸಿದರೆ ಆ ಆನೆ ಓಡಿಹೋಗುವಂತಿಲ್ಲ. ಒಂಟೆಯೂ ಅಲುಗದು, ಆದರೆ ಅದೇ ಬೆಲೆ. ಕಡೆಗೆ ಕಾಲಾಳು, ಕುದುರೆ ಅಥವಾ ಆನೆಯನ್ನು ಆರಾಮದಲ್ಲಿ ತನ್ನಿ. ಅನುಭವ ಇಲ್ಲದವರು ಇದನ್ನು ತಿರುಗುಮುರುಗು ಮಾಡುತ್ತಾರೆ: ಮೊದಲು ಹೊಡೆಯುವ ಕಾಯಿ ತರುತ್ತಾರೆ, ವೈರಿ ಆನೆ ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟು ಬಂದ ಕಾಯಿಯನ್ನೂ ಹಿಡಿತಕ್ಕೆ ಹಾಕಿಕೊಳ್ಳುತ್ತದೆ.

ಹಿಡಿತದಲ್ಲಿರುವ ತನ್ನ ಕಾಯಿಯನ್ನು ನಡೆಗೆ ಬದಲಾಗಿ ತಾನೇ ಮಣೆಯಿಂದ ತೆಗೆಯಬಹುದು ಎಂಬ ನಿಯಮವೂ ಉಂಟು. ಇದನ್ನು ಆಟಕ್ಕೆ ಮುಂಚೆ ಒಪ್ಪಿಕೊಳ್ಳಿ. ಹುಚ್ಚು ಎನಿಸುತ್ತದೆ, ಆದರೆ ದಾರಿ ತೆರೆಯಲು ಬೇಕಾಗುತ್ತದೆ. ಮೇಲಿನ ಚಿತ್ರದಲ್ಲಿಯೇ ಬಿಳಿಗೆ ಎಫ್3ರಲ್ಲಿ ಕುದುರೆ ಇದ್ದು ಸಿ6 ಖಾಲಿ ಇದ್ದರೆ, ಇ4ರ ಸ್ವಂತ ರಾಣಿಯೇ ಕುದುರೆಯ ದಾರಿಗೆ ಅಡ್ಡ. ರಾಣಿಯನ್ನು ತೆಗೆದರೆ ಎಫ್3ರಿಂದ ಇ4 ದಾಟಿ ಡಿ5ರ ಮೇಲೆ ಹಾರಿ ಸಿ6ಕ್ಕೆ ಇಳಿಯುವ ಬೆದರಿಕೆ ಹುಟ್ಟುತ್ತದೆ. ಕಪ್ಪಿಗೆ ನಡುವೆ ಒಂದು ನಡೆ ಸಿಗುತ್ತದೆ ಎಂಬುದು ನೆನಪಿರಲಿ, ಇನ್ನೊಂದು ಬೆದರಿಕೆ ಜೊತೆಗಿದ್ದರೆ ಮಾತ್ರ ಈ ತ್ಯಾಗ ಮಾಡಿ. ಎರಡು ಕವುಚಿದ ಆನೆಗಳು ಪಕ್ಕಪಕ್ಕ ಸಿಕ್ಕಿಕೊಂಡಾಗಲೂ ಇದೇ ನಿಯಮ ಉಪಯೋಗಕ್ಕೆ ಬರುತ್ತದೆ. ಇಲ್ಲದಿದ್ದರೆ ಯಾರಾದರೂ ಒಂದನ್ನು ಹೊಡೆಯುವ ತನಕ ಎರಡೂ ಅಲ್ಲೇ.

ಹಿಡಿಯುವವನ ಕಡೆಯಿಂದಲೂ ಒಂದು ಮಾತು. ನಡುಮಣೆಗೆ ಬಂದ ಕವುಚಿದ ಆನೆಯ ಮೂಲಕ ನಾಲ್ಕು ಗೆರೆ ಹಾಯುತ್ತವೆ: ನೇರ, ಅಡ್ಡ, ಎರಡು ಮೂಲೆಗೆರೆ. ಪ್ರತಿ ಗೆರೆಯಲ್ಲೂ ಒಂದು ಬದಿಗೆ ಒತ್ತಿಕೊಂಡು ತನ್ನದೊಂದು ಕಾಯಿ ಇದ್ದರೆ ಕುದುರೆಗೆ ಇಳಿಯಲು ಜಾಗವಿಲ್ಲ, ಕಾಲಾಳಿಗೆ ಇಕ್ಕಲು ಜಾಗವಿಲ್ಲ. ಡಿ5ಕ್ಕೆ ಡಿ6, ಸಿ5, ಇ6, ಸಿ6 ಈ ನಾಲ್ಕು ಕಾವಲು ಪೂರ್ತಿ ಆದಂತೆ. ಜೊತೆಗೆ ಎದುರಾಳಿ ರಾಜನ ನೇರ ಸಾಲಿನಲ್ಲೂ ಅಡ್ಡ ಸಾಲಿನಲ್ಲೂ ಅದನ್ನು ಇಡಬಾರದು. ಮಣೆಯ ಮೂಲೆಯಲ್ಲಿ ಕೂತಿದ್ದರೆ ಕಾಲಾಳು ಇಕ್ಕಲು ಬಾರದು, ಕುದುರೆ ಹಾರಲು ಬಾರದು, ನೆಟ್ಟಗಿನ ಆನೆಯ ಭಯ ಮಾತ್ರ. ಕಾವಲು ಕಟ್ಟಿಕೊಳ್ಳುವ ಮೊದಲೇ ಅದನ್ನು ಮೂಲೆಯಿಂದ ಎಬ್ಬಿಸಿ ಮುಂದೆ ಓಡಿಸುವುದು ಆತುರ. ನಿಮ್ಮ ಮಕ್ಕಳು ಗೆಲ್ಲುತ್ತಿರುವುದು ಎದುರಿನವನಿಗೆ ಹೊಡೆಯುವ ದಾರಿ ಗೊತ್ತಿಲ್ಲದ್ದರಿಂದ ಮಾತ್ರ.

ಮಣಿಪಾಲ_ಬ್ಲಿಟ್ಜ್

ಹತ್ತು ವರ್ಷದವರಿಗೆ ಇದು ಭಾರ ಅನ್ನಿಸುತ್ತದೆ. ಹೊಡೆತದ ನಿಯಮ ಬದಲಾದರೆ ಆಟ ಎಷ್ಟು ಬದಲಾಗುತ್ತದೆ ಎಂದು ತೋರಿಸುವುದೇ ಉದ್ದೇಶ ಆದರೆ ಅಟಾಮಿಕ್ ಚೆಸ್ ಸಾಕು. ಲಿಚೆಸ್ ಜಾಲತಾಣದಲ್ಲಿ ಪುಕ್ಕಟೆ ಆಡಬಹುದು. ನಡಿಗೆಯೆಲ್ಲ ಮಾಮೂಲಿ. ಹೊಡೆದ ಮನೆಯಲ್ಲಿ ಸ್ಫೋಟ: ಹೊಡೆದದ್ದು, ಹೊಡೆಸಿಕೊಂಡದ್ದು ಎರಡೂ ಹೋಗುತ್ತವೆ, ಸುತ್ತಲಿನ ಎಂಟು ಮನೆಗಳಲ್ಲಿ ಕಾಲಾಳು ಬಿಟ್ಟು ಉಳಿದದ್ದೆಲ್ಲ ಹೋಗುತ್ತದೆ. ರಾಜ ಹೊಡೆಯುವಂತಿಲ್ಲ, ತಾನೇ ಸಾಯುತ್ತಾನೆ. ಎರಡು ರಾಜರು ಪಕ್ಕಪಕ್ಕ ನಿಂತರೆ ಚೆಕ್ ಲೆಕ್ಕಕ್ಕಿಲ್ಲ, ಒಬ್ಬನನ್ನು ಸಿಡಿಸಿದರೆ ಇನ್ನೊಬ್ಬನೂ ಸಿಡಿಯುತ್ತಾನಲ್ಲ.

ಮೊದಲ ಪಾಠ: ಬಿಳಿ ಕುದುರೆ ಎಫ್3ಕ್ಕೆ ಬಂದ ಕೂಡಲೇ ಎಚ್ಚರ ಬೇಕು. ಕಪ್ಪು ಎ6ರಂಥ ಸುಮ್ಮನೆ ನಡೆ ಆಡಿದರೆ ಕುದುರೆ ಇ5ಕ್ಕೆ ಬರುತ್ತದೆ. ಮುಂದೆ ಡಿ7 ಹೊಡೆದರೂ ಎಫ್7 ಹೊಡೆದರೂ ಇ8ರ ರಾಜ ಸ್ಫೋಟದ ಒಳಗೆ. ಎರಡನ್ನೂ ಒಟ್ಟಿಗೆ ತಡೆಯಲಾಗದು, ಮೂರನೇ ನಡೆಗೆ ಆಟ ಮುಗಿಯಿತು. ಅದಕ್ಕೇ ಕಪ್ಪಿನ ಮೊದಲ ಉತ್ತರ ಎಫ್6. ಆ ಕಾಲಾಳು ಇ5, ಜಿ5 ಎರಡನ್ನೂ ಕಾಯುತ್ತದೆ.

ಅಲ್ಟಿಮಾ ಆಡಿಸುವುದೇ ಸೈ ಅಂತಾದರೆ ಸೆಟ್ಟಿನ ಬಗ್ಗೆ ಒಂದು ಸೂಚನೆ. ಅಯಸ್ಕಾಂತದ ಸೆಟ್ಟಿನಲ್ಲಿ ಆನೆ ಕವುಚಿದರೆ ಅಂಟುವುದಿಲ್ಲ, ಅಯಸ್ಕಾಂತ ಅಡಿಯಲ್ಲಿರುವುದು. ಅಡಿಗೆ ತೂಕ ತುಂಬಿದ ಟೂರ್ನಮೆಂಟ್ ಸೆಟ್ಟಿನಲ್ಲಿ ಭಾರ ಮೇಲಕ್ಕೆ ಬಂದು ಕೈ ತಾಗಿದರೆ ಬೀಳುತ್ತದೆ. ಬಿದ್ದ ಕಾಯಿ ಪಕ್ಕದ ನಾಲ್ಕನ್ನು ಸರಿಸಿದರೆ ಅಕ್ಕಪಕ್ಕದ ಲೆಕ್ಕದ ಮೇಲೆಯೇ ನಿಂತ ಈ ಆಟ ಕೆಟ್ಟಿತು. ಕವುಚುವುದೇ ಬೇಡ. ಆನೆಯ ಕುತ್ತಿಗೆಗೆ ಸಣ್ಣ ರಬ್ಬರ್ ಬ್ಯಾಂಡ್ ಅಥವಾ ಕೆಂಪು ನೂಲು ಸುತ್ತಿ. ಸ್ಟಿಕರ್ ಅಂಟಿಸಿದರೆ ನಮ್ಮ ಮಳೆಗಾಲದ ತೇವಕ್ಕೆ ಒಂದು ವಾರವೂ ನಿಲ್ಲುವುದಿಲ್ಲ.

ಕದ್ರಿ_ಕುದುರೆ

ರಬ್ಬರ್ ಬ್ಯಾಂಡ್ ಮಾತು ನೂರಕ್ಕೆ ನೂರು ಸರಿ. ಅಟಾಮಿಕ್ ವಿಷಯದಲ್ಲಿ ಒಪ್ಪುವುದಿಲ್ಲ. ಅದರಲ್ಲಿ ಹೊಡೆತದ ರೀತಿ ಒಂದೇ, ಪರಿಣಾಮ ದೊಡ್ಡದು. ಅಲ್ಟಿಮಾದಲ್ಲಿ ಕಾಯಿ ಕಾಯಿಗೂ ಬೇರೆ ತರ್ಕ, ಮಕ್ಕಳು ಕಲಿಯಬೇಕಾದದ್ದು ಅದೇ. ರಾಬರ್ಟ್ ಆಬಟ್ 1962ರಲ್ಲಿ ಇದನ್ನು ಕಟ್ಟಿದಾಗ ಬೇರೆ ಬೇರೆ ಕಡೆಯ ಆಟಗಳಲ್ಲಿದ್ದ ಹೊಡೆತಗಳೇ ಒಂದೇ ಮಣೆಗೆ ಬಂದವು. ಇಬ್ಬದಿಯಿಂದ ಇಕ್ಕಿ ಹೊಡೆಯುವುದು ಜಪಾನಿನ ಹಸಾಮಿ ಶೋಗಿಯಲ್ಲಿ ಉಂಟು. ಹಿಂದೆ ಸರಿದು ಹೊಡೆಯುವುದು ಮಡಗಾಸ್ಕರಿನ ಫನೊರೊನಾದಲ್ಲಿ ಉಂಟು. ಹಾರಿ ಹೊಡೆಯುವುದನ್ನು ಹುಲಿ-ಕುರಿ ಆಡಿದ ನಮ್ಮ ಮಕ್ಕಳಿಗೆ ಹೇಳಿಕೊಡಬೇಕಾಗಿಯೇ ಇಲ್ಲ. ಆಬಟ್‌ಗೆ ಆಮೇಲೆ ತನ್ನ ಆಟ ಪೂರ್ತಿ ಹಿಡಿಸಲಿಲ್ಲ, ತಿದ್ದುಪಡಿ ಸೂಚಿಸಿದರು, ಆದರೆ ಹೆಚ್ಚಿನವರು ಮೊದಲಿನ ನಿಯಮದಲ್ಲೇ ಆಡುತ್ತಾರೆ. ಕವುಚಿದ ಆನೆಯ ಬಲ ಹೆಚ್ಚಾಯಿತು ಎಂಬ ದೂರು ನ್ಯಾಯವೇ. ಅದನ್ನು ಹೊಡೆಯುವುದು ಹೇಗೆ ಎಂದು ಮೇಲೆ ಬಂದಿದೆ, ಅಷ್ಟು ಕಲಿತರೆ ಆಟ ನಿಲ್ಲುವುದಿಲ್ಲ.

ಕಲಿಸುವ ಕ್ರಮ ಕೇಳಿದ್ದಿರಿ. ಮೊದಲ ದಿನ ಎಂಟೆಂಟು ಕಾಲಾಳು ಮತ್ತು ರಾಜ, ಅಷ್ಟೇ. ಐದು ಕಾಲಾಳು ಮೊದಲು ಹೊಡೆದವರು ಗೆದ್ದರು ಅಂತ ಇಡಿ, ಒಂದು ಆಟ ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಚೆಸ್ ಬರುವ ಮಕ್ಕಳಿಗೆ ಕೈ ತಾನಾಗಿ ಓರೆಗೆ ಹೊಡೆಯಲು ಹೋಗುತ್ತದೆ, ಆ ಚಟ ಬಿಡಿಸಬೇಕಾದದ್ದು ಇಲ್ಲಿ. ಮತ್ತೆ ಕುದುರೆಗಳನ್ನು ಸೇರಿಸಿ. ಕುದುರೆ ಬಂದ ತಕ್ಷಣ ಹಿಂದಿನ ಸಾಲಿನ ಬೆಲೆ ಗೊತ್ತಾಗುತ್ತದೆ: ಕಪ್ಪು ಬಿ8ರ ಕಾಯಿ ಹೊರಗೆ ಹೋಗಿ ಬಿ8 ಖಾಲಿಯಾದರೆ, ಬಿ ಸಾಲಿಗೆ ಬಂದ ಬಿಳಿ ಕುದುರೆ ಬಿ7ರ ಕಾಲಾಳನ್ನು ಹಾರಿ ಅಲ್ಲಿಗೇ ಇಳಿಯುತ್ತದೆ. ಹಿಂದಿನ ಸಾಲಿನಲ್ಲಿ ಉಳಿದ ಕಾಯಿಗಳು ಇಲ್ಲದಿದ್ದರೆ ಈ ಪಾಠ ಆಗುವುದಿಲ್ಲ, ಆದ್ದರಿಂದ ನಿಯಮ ಕಲಿಸದ ಕಾಯಿಗಳನ್ನೂ ಅಲುಗದ ಕಂಬಗಳಂತೆ ಜಾಗದಲ್ಲಿ ಇಟ್ಟಿರಿ.

ರಾಣಿ ಆಮೇಲೆ, ಅದು ಸುಲಭ. ನೆಟ್ಟಗಿನ ಆನೆಗೆ ಒಂದು ವಾರ ಪೂರ್ತಿ ಕೊಡಿ. ಕವುಚಿದ ಆನೆಯನ್ನು ಅದರ ನಂತರವೇ ತನ್ನಿ, ಏಕೆಂದರೆ ಅದನ್ನು ಹೊಡೆಯುವ ಮೂರು ಕಾಯಿಗಳನ್ನು ಬಳಸಲು ಬರದ ಮಗು ಅದರ ಎದುರು ಬರೇ ಸೋಲುತ್ತದೆ. ನಿಮ್ಮಲ್ಲಿ ಆಗುತ್ತಿರುವುದು ಇದೇ. ಒಂಟೆ ಕಟ್ಟಕಡೆಗೆ. ಉಳಿದವೆಲ್ಲ ಬಾಯಿಪಾಠ ಆಗದೆ ಒಂಟೆ ಆಡಲು ಬರುವುದಿಲ್ಲ.

ಗಡಿಯಾರ ಇಡುವುದಾದರೆ ತಲಾ 25 ನಿಮಿಷ. ಹತ್ತು ನಿಮಿಷದ ಆಟದಲ್ಲಿ ಮಕ್ಕಳು ಮೂಲೆಗಳನ್ನು ನೋಡುವುದೇ ಇಲ್ಲ. ಹೊಡೆದ ಕಾಯಿಗಳನ್ನೆಲ್ಲ ತೆಗೆದ ಮೇಲೆಯೇ ಗಡಿಯಾರ ಒತ್ತಬೇಕು. ತೆಗೆಯಲು ಮರೆತದ್ದು ಮಣೆಯಲ್ಲೇ ಉಳಿಯಲಿ, ಆಮೇಲೆ ಕೇಳುವಂತಿಲ್ಲ ಅಂತ ಮೊದಲೇ ಹೇಳಿಬಿಡಿ. ಇದು ಆಬಟ್ ನಿಯಮವಲ್ಲ, ಮೇಜಿನ ಶಿಸ್ತು. ಆದರೆ ಇದರಿಂದ ಕಣ್ಣು ಚುರುಕಾಗುತ್ತದೆ.

ಅಜ್ಜರಕಾಡು64

ಕಾಲಾಳು-ರಾಜ ಆಟದಿಂದಲೇ ಮತ್ತೆ ಶುರುಮಾಡುತ್ತೇವೆ. ಕೊನೆಯದೊಂದು: ಯಾವ ಆನೆಯನ್ನು ಗುರುತು ಹಾಕಬೇಕು, ಬಲದ್ದೋ ಎಡದ್ದೋ? ರಾಜ-ರಾಣಿ ಜಾಗ ಬದಲಿಸಬಹುದು ಅಂತಲೂ ಕೇಳಿದ್ದೇವೆ, ಅದರಿಂದ ಎಂತ ವ್ಯತ್ಯಾಸ?

ಸುರತ್ಕಲ್_ಪಟ

ಎರಡೂ ಆಟಕ್ಕೆ ಮುಂಚೆ ತೀರ್ಮಾನಿಸುವ ಸಂಗತಿಗಳು. ಯಾವ ಆನೆ ಕವುಚಬೇಕು, ಒಂದು ಬದಿಯ ರಾಜ-ರಾಣಿ ಅದಲುಬದಲು ಆಗಬೇಕೋ ಬೇಡವೋ, ಈ ಎರಡು ಆಯ್ಕೆ ಸೇರಿ ನಾಲ್ಕು ಬಗೆಯ ಆರಂಭ ಆಗುತ್ತದೆ. ಮಕ್ಕಳಿಗೆ ಒಂದನ್ನೇ ಗಟ್ಟಿಮಾಡಿ: ಇಬ್ಬರಿಗೂ ಅವರವರ ಬಲಗೈ ಬದಿಯ ಆನೆ, ಅಂದರೆ ಬಿಳಿಯ ಎಚ್1, ಕಪ್ಪಿನ ಎ8. ಆಗ ಎರಡು ಕವುಚಿದ ಆನೆಗಳು ಒಂದೇ ನೇರ ಸಾಲಿನಲ್ಲಿ ಬರುವುದಿಲ್ಲ.

ರಾಜರ ಜಾಗದಿಂದ ಆಗುವ ವ್ಯತ್ಯಾಸ ಸಣ್ಣದಲ್ಲ. ಚೆಸ್ಸಿನಂತೆ ಇ1, ಇ8ರಲ್ಲಿ ಇಟ್ಟರೆ ಎರಡು ರಾಜರೂ ಒಂದೇ ನೇರ ಸಾಲು. ಬಿಳಿಯ ನೆಟ್ಟಗಿನ ಆನೆ 8ನೇ ಅಡ್ಡ ಸಾಲಿನ ಯಾವುದಾದರೂ ಖಾಲಿ ಮನೆಗೆ ತಲುಪಿದ ಕ್ಷಣ ಅದರ ಅಡ್ಡ ಸಾಲೂ ಇ1ರ ರಾಜನ ನೇರ ಸಾಲೂ ಇ8ರಲ್ಲಿ ಕೂಡುತ್ತವೆ. ಹಾಗಾಗಿ ಎಚ್4ರಲ್ಲಿ ನಿಂತ ಆನೆಗೆ ಎಚ್8ರವರೆಗೆ ದಾರಿ ತೆರೆದಿದ್ದರೆ ಅದು ಆಗಲೇ ಚೆಕ್. ಚೆಸ್ ಕಣ್ಣಿಗೆ ಈ ಚೆಕ್ ಕಾಣುವುದೇ ಇಲ್ಲ, ಆನೆ ಎಲ್ಲೋ ಬಲತುದಿಯಲ್ಲಿ, ರಾಜ ನಡುವೆ. ತಪ್ಪಿಸಲು ನಾಲ್ಕು ದಾರಿ: ರಾಜ ಇ ಸಾಲು ಬಿಟ್ಟು ಸರಿಯಬೇಕು, ಎಚ್5, ಎಚ್6, ಎಚ್7, ಎಚ್8 ಇವುಗಳಲ್ಲಿ ಒಂದಕ್ಕೆ ಕಾಯಿ ಅಡ್ಡ ಇಡಬೇಕು, ಆನೆಯನ್ನೇ ಹೊಡೆಯಬೇಕು, ಇಲ್ಲವೇ ತನ್ನ ಕವುಚಿದ ಆನೆಯನ್ನು ಅದರ ಪಕ್ಕಕ್ಕೆ ತಂದು ಹಿಡಿಯಬೇಕು. ಆನೆಗೆ 8ನೇ ಸಾಲಿಗೆ ಮೂಲೆಗೆರೆಯ ದಾರಿ ಇದೆಯೇ ಎಂಬುದನ್ನೂ ನೋಡಿಕೊಳ್ಳಬೇಕು, ಅದಕ್ಕೆ ರಾಣಿಯ ನಡಿಗೆ.

ಇದರ ಮೇಲೆ ಕವುಚಿದ ಆನೆಯೂ ಸೇರಿದರೆ ಮೇಟ್ ಹೇಗಿರುತ್ತದೆ ಎಂಬುದಕ್ಕೆ ಒಂದು ಚಿತ್ರ. ಬಿಳಿ: ರಾಜ ಜಿ1, ಕವುಚಿದ ಆನೆ ಎಫ್7, ನೆಟ್ಟಗಿನ ಆನೆ ಬಿ3, ಬಿ ಸಾಲು ಬಿ8ರವರೆಗೆ ಖಾಲಿ. ಕಪ್ಪು ರಾಜ ಜಿ8. ಕಪ್ಪಿನ ಸರದಿ. ರಾಜ ಹಿಡಿತದಲ್ಲಿ, ಸರಿಯುವಂತಿಲ್ಲ, ಎಫ್7 ಹೊಡೆಯುವಂತೆಯೂ ಇಲ್ಲ. ಬಿ8ಕ್ಕೆ ಬರುವ ಆನೆಯನ್ನು ಬಿ ಸಾಲಿನಲ್ಲಿ ತಡೆಯಬೇಕು, ಅಥವಾ ಬಿ3ನ್ನು ಹೊಡೆಯಬೇಕು, ಇಲ್ಲವೇ ತನ್ನ ಕವುಚಿದ ಆನೆಯಿಂದ ಅದನ್ನು ಹಿಡಿಯಬೇಕು. ಯಾವುದೂ ಆಗದಿದ್ದರೆ ಮೇಟ್.

ಹೊಸಬರಿಗೆ ಇ8ರ ಆ ಕಾಣದ ಚೆಕ್ ಬೇಡ ಅನ್ನಿಸಿದರೆ ಕಪ್ಪಿನ ರಾಜ-ರಾಣಿಯನ್ನು ಅದಲುಬದಲು ಮಾಡಿ, ಕಪ್ಪು ರಾಜ ಡಿ8ರಲ್ಲಿ. ಮೊದಲ ಕೆಲವು ವಾರಕ್ಕೆ ಅದೇ ಒಳ್ಳೆಯದು. ಮಕ್ಕಳು ಅಡಿಕೋಲು ಬಿಟ್ಟು ಮೂಲೆ ನೋಡಲು ಕಲಿತ ಮೇಲೆ ರಾಜರನ್ನು ಎದುರುಬದುರು ಕೂರಿಸಿ.